ಸ್ವಾಮಿಗೊಬ್ಬಳು ಅಕ್ಕ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೋಗಿಲಬನದ ನಮ್ಮ ಮನೆಯ ಅಟ್ಟದ ಮೇಲೆ ಏನೇನಿದೆ ಅಂತ ಮನೆಯವರಿಗೇ ಪೂರ್ತಿ ಗೊತ್ತಿಲ್ಲ. ಹರಿದ ಕಂಬಳಿ, ತಳ ಹೋದ ಕೊಡ, ಯಾವತ್ತೋ ಕೆಟ್ಟು ಗುಜರಿಗೆ ಹೋದ ಕಪ್ಪು-ಬಿಳುಪು ಟೀವಿಯ ಖಾಲಿ ರಟ್ಟಿನ ಡಬ್ಬ. ಆ ಡಬ್ಬದೊಳಗೆ ಒಂದು 200 ಪುಟದ ನೋಟ್‌ಬುಕ್ ಸಿಕ್ಕಿತು. ಮೇಲೆ ಅಕ್ಕನ ಅಕ್ಷರದಲ್ಲಿ ‘ಸಮಾಜ ವಿಜ್ಞಾನ’ ಅಂತ ಬರೆದಿತ್ತು. ಒಳಗೆ ಸಮಾಜ ವಿಜ್ಞಾನ ಇದ್ದದ್ದು ನಾಲ್ಕೇ ಪುಟ. ಐದನೇ ಪುಟದಿಂದ ‘ಮಾಲ್ಗುಡಿ ಡೇಸ್’ನ ಸ್ವಾಮಿ ಕೋಗಿಲಬನಕ್ಕೆ ಬಂದುಬಿಟ್ಟಿದ್ದ.

ಏಣಿಯ ಮೇಲೆ ನಿಂತೇ ಓದಿದೆ. ನೋಟ್‌ಬುಕ್ ಇರೋದು ನನಗೆ ಗೊತ್ತಿತ್ತು. ಅದು ಉಳಿದಿದೆ ಅಂತ ಗೊತ್ತಿರಲಿಲ್ಲ. ಯಾಕೆ ಗೊತ್ತಿತ್ತು ಅನ್ನೋದನ್ನ ಆಮೇಲೆ ಹೇಳ್ತೀನಿ, ಅದು ನನಗೆ ಹೆಮ್ಮೆಯ ವಿಷಯವಲ್ಲ.

ಈಗಿನ ಭಾಷೆಯಲ್ಲಿ ಅಕ್ಕ ಬರೆದದ್ದಕ್ಕೆ ಫ್ಯಾನ್ ಫಿಕ್ಷನ್ ಅಂತಾರೆ. ಬೇರೊಬ್ಬರು ಸೃಷ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು, ದುಡ್ಡಿನಾಸೆ ಇಲ್ಲದೆ, ಬರೀ ಪ್ರೀತಿಗೆ ಅವುಗಳ ಮುಂದಿನ ಕತೆ, ನಡುವಿನ ಕತೆ, ಆಗಬೇಕಿದ್ದ ಕತೆ ಬರೆಯೋದು. ಇದರ ಇತಿಹಾಸ ಹುಡುಕಿದರೆ ಎಲ್ಲರೂ ಅಮೆರಿಕದಿಂದಲೇ ಶುರು ಮಾಡ್ತಾರೆ. ಅಲ್ಲಿ 1966ರಲ್ಲಿ ‘ಸ್ಟಾರ್ ಟ್ರೆಕ್’ ಅನ್ನೋ ಧಾರಾವಾಹಿ ಶುರುವಾಯ್ತು. ಮರುವರ್ಷವೇ ಅದರ ಅಭಿಮಾನಿಗಳು ‘ಸ್ಪಾಕನೇಲಿಯಾ’ ಅನ್ನೋ ಪತ್ರಿಕೆ ತಂದರು. ಅಂಥ ಪತ್ರಿಕೆಗಳನ್ನು ಟೈಪ್ ಮಾಡಿ, ಸೈಕ್ಲೋಸ್ಟೈಲ್ ತೆಗೆದು, ಅಂಚೆಯಲ್ಲಿ ಹಂಚುತ್ತಿದ್ದರು. ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಧಾರಾವಾಹಿ 1969ಕ್ಕೆ ಮುಗಿದರೂ ಇವರ ಕತೆ ಮುಗಿಯಲಿಲ್ಲ. 1998ರಲ್ಲಿ ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಬಂತು, ಹತ್ತು-ಹನ್ನೊಂದು ವರ್ಷದ ಮೇಲೆ ‘ಆರ್ಕೈವ್ ಆಫ್ ಅವರ್ ಓನ್’ ಬಂತು. 2019ರಲ್ಲಿ ಆ ಇಡೀ ಭಂಡಾರಕ್ಕೆ ಹ್ಯೂಗೋ ಪ್ರಶಸ್ತಿಯೂ ಸಿಕ್ಕಿತು.

ಈ ಇತಿಹಾಸ ಸರಿಯೇ. ಆದರೆ ಉತ್ತರ ಕನ್ನಡ ಜಿಲ್ಲೆಯವನಾದ ನನಗೆ ಇದನ್ನು ಓದುವಾಗೆಲ್ಲ ಒಂದು ಸಣ್ಣ ತಕರಾರು ಏಳುತ್ತೆ. ಯಾಕಂದ್ರೆ ನಮ್ಮ ಜಿಲ್ಲೆಯೊಳಗೆ ಇಂಥದ್ದೊಂದು ಕೆಲಸ ಸಾವಿರ ವರ್ಷಕ್ಕೂ ಹಿಂದೆಯೇ ನಡೆದುಹೋಗಿದೆ.

941ರ ಸುಮಾರಿಗೆ ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಶಾಲೆಯಲ್ಲಿ ನಾವೆಲ್ಲ ಉರು ಹೊಡೆದ ವಿಷಯ. ಬನವಾಸಿಯ ಬಗ್ಗೆ ಅವನು ಬರೆದ ಪದ್ಯಗಳೂ ನಿಮಗೆ ಗೊತ್ತು, ಬೆಂಗಳೂರಿನ ಆಟೋಗಳ ಹಿಂದೆ ಕೂಡ ಓದಿರ್ತೀರಿ. ಆದರೆ ಕಾವ್ಯದಲ್ಲಿ ಆ ಪದ್ಯಗಳು ಬರೋದು ಎಲ್ಲಿ? ಅರ್ಜುನನ ತೀರ್ಥಯಾತ್ರೆಯಲ್ಲಿ. ವ್ಯಾಸರ ಅರ್ಜುನ ತೀರ್ಥಯಾತ್ರೆ ಮಾಡ್ತಾನೆ ನಿಜ, ಬನವಾಸಿಗೆ ಬರಲ್ಲ. ಪಂಪ ಕರೆದುಕೊಂಡು ಬಂದ. ತನಗೆ ಇಷ್ಟವಾದ ಊರನ್ನು ತನಗೆ ಇಷ್ಟವಾದ ವೀರ ಒಂದು ಸಲ ನೋಡಲಿ ಅಂತ. ಅಕ್ಕ ಸ್ವಾಮಿಯನ್ನು ಕೋಗಿಲಬನಕ್ಕೆ ಕರೆತಂದದ್ದಕ್ಕೂ ಇದಕ್ಕೂ ನನಗಂತೂ ಜಾಸ್ತಿ ವ್ಯತ್ಯಾಸ ಕಾಣಲ್ಲ. ಪಂಪನನ್ನು ನಾನು ಕೆಳಗಿಳಿಸ್ತಾ ಇದ್ದೀನಿ ಅಂದುಕೋಬೇಡಿ. ಕಾವ್ಯದ ಎತ್ತರ ಬೇರೆ ಮಾತು. ಅದರ ಬುಡದಲ್ಲಿದ್ದ ಆಸೆ ಮಾತ್ರ ಒಂದೇ ಅಂತಿದ್ದೀನಿ, ಅಷ್ಟೇ.

ಈ ಆಸೆಗೆ ನಮ್ಮಲ್ಲಿ ಯಾವತ್ತೂ ಬರ ಇರಲಿಲ್ಲ. ರನ್ನ ‘ಗದಾಯುದ್ಧ’ದಲ್ಲಿ ಭೀಮನನ್ನು ತನ್ನ ದೊರೆ ಸತ್ಯಾಶ್ರಯನ ಜತೆ ಸಮೀಕರಿಸಿ ಹೊಗಳೋಕೆ ಹೊರಟ. ಆದರೆ ರಣಭೂಮಿಯಲ್ಲಿ ಹೆಣಗಳ ನಡುವೆ ಒಬ್ಬನೇ ನಡೆಯೋ ದುರ್ಯೋಧನನನ್ನು ಓದಿದವರಿಗೆ ಕೊನೆಗೆ ನೆನಪಿರೋದು ಅವನೇ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣ ರಾಕ್ಷಸನೇ ಅಲ್ಲ, ಒಂದೇ ಒಂದು ಕಡೆ ಜಾರಿ ಆಮೇಲೆ ಅದಕ್ಕೆ ಪರಿತಪಿಸೋ ದೊಡ್ಡ ಮನುಷ್ಯ. 1929ರಲ್ಲಿ ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಬರೆದಾಗ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ಅಜಾಕ್ಸ್‌ನ ದುರಂತವನ್ನು ನಮ್ಮ ಅಶ್ವತ್ಥಾಮನ ತಲೆಗೆ ಕಟ್ಟಿದರು. ಎರಡು ಲೋಕಗಳನ್ನು ಹೀಗೆ ಬೆಸೆಯೋದಕ್ಕೆ ಅಭಿಮಾನಿ ಬರಹಗಾರರು ಈಗ ಕ್ರಾಸ್‌ಓವರ್ ಅಂತಾರೆ.

ಇದು ಪಂಡಿತರ ಕೆಲಸ ಮಾತ್ರ ಆಗಿರಲಿಲ್ಲ. ನಮ್ಮ ದಾಂಡೇಲಿ, ಹಳಿಯಾಳದ ಕಡೆ ಗಾಳಿ ಬೀಸೋದು ಧಾರವಾಡ, ಬೆಳಗಾವಿಯಿಂದ. ಆ ಸೀಮೆಯ ಸಣ್ಣಾಟ ‘ಶ್ರೀಕೃಷ್ಣ ಪಾರಿಜಾತ’ವನ್ನೇ ತಗೊಳ್ಳಿ. ಮೊದಲು ಬರೆದವನು ಅಪರಾಳ ತಮ್ಮಣ್ಣ. ಅದನ್ನು ಎತ್ತಿಕೊಂಡು, ಹಿಗ್ಗಿಸಿ, ಆಟಕ್ಕೆ ಒಗ್ಗಿಸಿದವನು ಕುಲಗೋಡ ತಮ್ಮಣ್ಣ. ಆಮೇಲೆ ಕೌಜಲಗಿ ನಿಂಗಮ್ಮನಂಥವರು ರಂಗದ ಮೇಲೆ ನಿಂತು ಅದನ್ನು ತಮ್ಮದು ಮಾಡಿಕೊಂಡರು. ಕೃಷ್ಣ ಭಾಗವತದವನೇ, ಸತ್ಯಭಾಮೆಯೂ ಅಲ್ಲಿಯವಳೇ. ಆದರೆ ಜಗಳಕ್ಕೆ ನಿಂತರೆ ಥೇಟ್ ನಮ್ಮ ಓಣಿಯ ಗಂಡ-ಹೆಂಡತಿ.

ಜಿಲ್ಲೆಯ ಇನ್ನೊಂದು ಮಗ್ಗುಲಿಗೆ, ಶಿರಸಿ-ಸಿದ್ದಾಪುರಕ್ಕೆ ಹೋದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ. ಪದ್ಯ ಬರೆದಿಟ್ಟದ್ದು, ಮಾತು ಮಾತ್ರ ಆ ಕ್ಷಣಕ್ಕೆ ಹುಟ್ಟಬೇಕು. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ರಾಮನನ್ನು ಕೇಳ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೇಳಿದರೆ ಉತ್ತರ ಕೊಡೋದು ರಾಮನಾದವನಿಗೆ ಸುಲಭ ಇರಲಿಲ್ಲ. ಒಂದೇ ನಿಯಮ: ವಾದದಲ್ಲಿ ಯಾರೇ ಮೇಲುಗೈ ಆಗಲಿ, ಕೊನೆಗೆ ವಾಲಿ ಸಾಯಲೇಬೇಕು. ಫ್ಯಾನ್ ಫಿಕ್ಷನ್ ಬರೆಯೋರ ಕಷ್ಟವೂ ಇದೇ. ಎಲ್ಲರಿಗೂ ಗೊತ್ತಿರೋ ಕತೆಯನ್ನು ಎಲ್ಲಿವರೆಗೆ ಬಗ್ಗಿಸಬಹುದು, ಎಲ್ಲಿ ಅದು ಮುರಿಯುತ್ತೆ?

ಈಗ ಟೀವಿಗೆ ಬರೋಣ.

‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದದ್ದು 1987ರಲ್ಲಿ. ನಾನು ಹುಟ್ಟೋಕೆ ಮುಂಚೆ. ನಾವು ನೋಡಿದ್ದು ತೊಂಬತ್ತರ ದಶಕದ ಕೊನೆಯ ಮರುಪ್ರಸಾರ. ಆರ್.ಕೆ. ನಾರಾಯಣ್ ಇಂಗ್ಲಿಷಿನಲ್ಲಿ ಬರೆದ ಕತೆ, ಹೊನ್ನಾವರ ಕಡೆಯ ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಚಿತ್ರಿಸಿದರು, ಸ್ವಾಮಿಯಾದವನು ಮಾಸ್ಟರ್ ಮಂಜುನಾಥ್, ನಮ್ಮ ಮನೆಗೆ ಬಂದು ತಲುಪುವಾಗ ಅದು ಮಾತಾಡುತ್ತಿದ್ದದ್ದು ಹಿಂದಿ. ಹೆಂಚಿನ ಮನೆ, ಜಗುಲಿ, ಮಳೆ, ಪಂಚೆ, ಎಲ್ಲ ನಮ್ಮವೇ. ಮಾತೊಂದು ಬೇರೆ. ದಾಂಡೇಲಿಯ ಸುತ್ತ ಬೆಳೆದ ಮಕ್ಕಳಿಗೆ ಹಿಂದಿ ಕಷ್ಟವೇನಲ್ಲ, ಪೇಟೆಯಲ್ಲಿ ಮರಾಠಿ, ಕೊಂಕಣಿ, ಉರ್ದು ಎಲ್ಲ ಕಿವಿಗೆ ಬೀಳ್ತಿರುತ್ತೆ. ಆದರೂ ಏನೋ ಒಂದು ಕೊರತೆ.

ಇನ್ನೊಂದು ಕೊರತೆ ಕರೆಂಟಿನದು. ಮಳೆಗಾಲದಲ್ಲಿ ಕಾಡಿನ ಮರ ಲೈನಿನ ಮೇಲೆ ಬಿದ್ದರೆ ಮುಗೀತು. ಸ್ವಾಮಿ ಮನೆ ಬಿಟ್ಟು ಓಡಿಹೋಗಿ ಕಾಡಿನಲ್ಲಿ ದಾರಿ ತಪ್ಪಿದ ಹೊತ್ತಿಗೇ ಟೀವಿ ಆರಿಹೋಯ್ತು. ಕತ್ತಲಲ್ಲಿ ಕೂತಿದ್ದ ಏಳೆಂಟು ಮಂದಿ ಒಬ್ಬರಿಗೊಬ್ಬರು ಕತೆ ಮುಂದುವರಿಸೋಕೆ ಶುರು ಮಾಡಿದರು. ಆಯಿ, ಅಂದ್ರೆ ನಮ್ಮ ಅಜ್ಜಿ, “ಅವಗ ಕರಡಿ ಸಿಗತೈತಿ, ಆದ್ರ ಏನೂ ಮಾಡೂದಿಲ್ಲ” ಅಂದಳು. ಪಕ್ಕದ ಮನೆ ಕಾಕಾ, ಫಾರೆಸ್ಟ್ ಗಾರ್ಡ್ ಬಂದು ಹಿಡೀತಾನೆ ಅಂದರು. ನಮ್ಮೂರಲ್ಲಿ ಕಾಡಿಗೆ ಹೋದವರಿಗೆ ಆಗೋದು ಈ ಎರಡೇ. ಮರುದಿನ ಅಕ್ಕ ನೋಟ್‌ಬುಕ್ ತೆಗೆದಳು.

ಅವಳ ಸ್ವಾಮಿ ಕನ್ನಡ ಮಾತಾಡ್ತಾನೆ, ಅದೂ ನಮ್ಮ ಕನ್ನಡ. “ಯಾಕಲೇ ರಾಜಂ, ಮಾತ ಬಿಟ್ಟಿ ಏನ?” ಅಂತಾನೆ. ಕಾದಂಬರಿಯ ಕೊನೆ ಓದಿದವರಿಗೆ ನೆನಪಿರಬಹುದು. ರಾಜಂನ ಅಪ್ಪನಿಗೆ ವರ್ಗವಾಗಿ ಆ ಕುಟುಂಬ ರೈಲು ಹತ್ತುತ್ತೆ. ಮುನಿಸಿಕೊಂಡ ಗೆಳೆಯನಿಗೆ ಕೊಡೋಕೆ ಸ್ವಾಮಿ ಪುಸ್ತಕ ಹಿಡಿದು ಸ್ಟೇಶನ್ನಿಗೆ ಹೋಗಿರ್ತಾನೆ. ರಾಜಂ ಕ್ಷಮಿಸಿದನೋ ಇಲ್ಲವೋ ಗೊತ್ತಾಗಲ್ಲ. ಅಕ್ಕನಿಗೆ ಅದನ್ನು ಹಾಗೇ ಬಿಡೋಕೆ ಆಗಲಿಲ್ಲ. ರಾಜಂನನ್ನು ಅಳ್ನಾವರ ದಾರಿಯಾಗಿ ದಾಂಡೇಲಿಗೆ ವಾಪಸ್ ಕರೆಸಿದಳು. ಆ ಹಳಿಯ ಮೇಲೆ ನಾವು ನೋಡುತ್ತಿದ್ದದ್ದೆಲ್ಲ ಗೂಡ್ಸ್ ಗಾಡಿ. ಹಾಗಾಗಿ ಅವನು ಗಾರ್ಡಿನ ಡಬ್ಬಿಯಲ್ಲಿ ಕೂತು ಬರ್ತಾನೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಅಕ್ಕ ಸ್ವಾಮಿಗೊಬ್ಬಳು ಅಕ್ಕನನ್ನು ಕೊಟ್ಟಿದ್ದಳು. ಮೂಲದಲ್ಲಿ ಸ್ವಾಮಿಗೆ ಅಪ್ಪ, ಅಮ್ಮ, ಅಜ್ಜಿ ಇದ್ದಾರೆ, ತಮ್ಮ ಹುಟ್ಟುತ್ತಾನೆ, ಅಕ್ಕ ಇಲ್ಲ. ಮಾಲ್ಗುಡಿ ಕ್ರಿಕೆಟ್ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಜಾಗವೂ ಇಲ್ಲ. ಅಕ್ಕನ ನೋಟ್‌ಬುಕ್ಕಿನಲ್ಲಿ ಆ ಅಕ್ಕ ವಿಕೆಟ್ ಕೀಪರ್. ಸೈಕಲ್ ಹೊಡೆದುಕೊಂಡು ಹೈಸ್ಕೂಲಿಗೆ ಹೋಗ್ತಾಳೆ. ಗಣಿತದಲ್ಲಿ ಸ್ವಾಮಿಗಿಂತ ಮುಂದೆ. ಅವನು ಕಾಡಿನಲ್ಲಿ ಕಳೆದುಹೋದಾಗ ಹುಡುಕಿಕೊಂಡು ಬರೋದು ಅವಳೇ.

ಹೀಗೆ ಬರೆಯೋರು ತಮ್ಮನ್ನೇ ಕತೆಯೊಳಗೆ ತೂರಿಸಿಕೊಳ್ಳೋದಕ್ಕೆ ಇಂಗ್ಲಿಷಿನಲ್ಲಿ ಒಂದು ಲೇವಡಿಯ ಹೆಸರಿದೆ: ಮೇರಿ ಸ್ಯೂ. 1973ರಲ್ಲಿ ಪೌಲಾ ಸ್ಮಿತ್ ಎಂಬಾಕೆ ಸ್ಟಾರ್ ಟ್ರೆಕ್ ಅಭಿಮಾನಿಗಳ ಕತೆಗಳನ್ನು ಅಣಕಿಸಿ ಬರೆದ ಪುಟ್ಟ ಕತೆಯ ನಾಯಕಿ ಆಕೆ. ಹದಿನೈದೂವರೆ ವರ್ಷಕ್ಕೇ ಲೆಫ್ಟಿನೆಂಟ್, ಎಲ್ಲದರಲ್ಲೂ ಮುಂದು. ನಕ್ಕುಬಿಡಬಹುದು. ಆದರೆ ನಮ್ಮ ದೊಡ್ಡವರು ಮಾಡಿದ್ದೂ ಸುಮಾರಾಗಿ ಇದನ್ನೇ, ಹೆಚ್ಚು ಗಂಭೀರವಾಗಿ. ತೆರೆಯ ಮೇಲೆ ಸ್ವಾಮಿಯ ಅಪ್ಪನಾಗಿದ್ದ ಗಿರೀಶ ಕಾರ್ನಾಡರು ಇಪ್ಪತ್ತರ ಹರೆಯದಲ್ಲಿ ‘ಯಯಾತಿ’ ಬರೆದಾಗ, ಅಪ್ಪನ ಮುಪ್ಪನ್ನು ಹೊತ್ತ ಪುರುವಿಗೆ ಚಿತ್ರಲೇಖೆ ಅನ್ನೋ ಹೆಂಡತಿಯನ್ನು ಕೊಟ್ಟರು. ಮಹಾಭಾರತದ ಈ ಕತೆಯಲ್ಲಿ ಅವಳಿಲ್ಲ. ಗಂಡ ಇದ್ದಕ್ಕಿದ್ದಂತೆ ಮುದುಕನಾದರೆ ಮದುವೆಯಾದವಳ ಗತಿ ಏನು ಅಂತ ಕೇಳೋಕೆ ಒಬ್ಬಳು ಬೇಕಿತ್ತು. ಕುವೆಂಪು ರಾಮಾಯಣ ದರ್ಶನದಲ್ಲಿ ಊರ್ಮಿಳೆಗೆ ತಪಸ್ಸು ಕೊಟ್ಟರು, ಸೀತೆ ಬೆಂಕಿಗಿಳಿದಾಗ ರಾಮನನ್ನೂ ಜತೆಗೆ ಇಳಿಸಿದರು. ಕತೆಯಲ್ಲಿ ಯಾರಿಗೆ ಜಾಗವಿಲ್ಲವೋ ಅವರಿಗೆ ಜಾಗ ಮಾಡಿಕೊಡೋದೇ ಈ ಇಡೀ ಹವ್ಯಾಸದ ಜೀವ ಅನ್ಸುತ್ತೆ ನನಗೆ.

ಅದಕ್ಕಾಗಿ ಬೀದಿಗಿಳಿದವರೂ ಇದ್ದಾರೆ. ರಮಾನಂದ ಸಾಗರರ ‘ರಾಮಾಯಣ’ 1987ರ ಜನವರಿಯಲ್ಲಿ ಶುರುವಾಗಿ 1988ರ ಜುಲೈನಲ್ಲಿ ಪಟ್ಟಾಭಿಷೇಕಕ್ಕೆ ಮುಗಿಯಿತು. ಆಗ ಪಂಜಾಬಿನ ಜಲಂಧರದಲ್ಲಿ ಪೌರಕಾರ್ಮಿಕರು ಕಸ ಎತ್ತೋದು ನಿಲ್ಲಿಸಿ ಮುಷ್ಕರ ಹೂಡಿದರು. ಅವರಲ್ಲಿ ಅನೇಕರು ವಾಲ್ಮೀಕಿಯನ್ನು ತಮ್ಮ ಗುರು ಎಂದು ನಂಬುವ ಸಮುದಾಯದವರು. ವಾಲ್ಮೀಕಿ ಋಷಿ ಸೀತೆಗೆ ಆಶ್ರಯ ಕೊಟ್ಟು, ಲವಕುಶರನ್ನು ಬೆಳೆಸೋದು ಉತ್ತರಕಾಂಡದಲ್ಲಿ. ಅದಿಲ್ಲದೆ ಧಾರಾವಾಹಿ ಮುಗಿದರೆ ತಮ್ಮವನೇ ಕತೆಯಿಂದ ಹೊರಗುಳಿದ ಹಾಗೆ. ಮುಷ್ಕರ ಬೇರೆ ಊರುಗಳಿಗೂ ಹಬ್ಬಿತು, ಮುಂದಿನ ಭಾಗ ಬಂತು. ಟೀವಿ ಪಾತ್ರಗಳ ಬಗ್ಗೆ ತಲೆ ಕೆಡಿಸಿಕೊಳ್ಳೋದು ಕೆಲಸವಿಲ್ಲದವರ ಕೆಲಸ ಅನ್ನೋರಿಗೆ ನಾನು ಈ ಮುಷ್ಕರದ ಕತೆ ಹೇಳ್ತೀನಿ.

ಆದರೆ ಜಾಗ ಮಾಡಿಕೊಡೋಕೆ ಬರೋ ಕೈಗೆ ಜಾಗ ಕಿತ್ತುಕೊಳ್ಳೋಕೂ ಬರುತ್ತೆ. ಪಂಪನಿಗೇ ವಾಪಸ್ ಬನ್ನಿ. ಅವನ ಅರ್ಜುನ ಅಂದರೆ ವೇಮುಲವಾಡದ ದೊರೆ ಅರಿಕೇಸರಿ. ತನ್ನ ದೊರೆಗೆ ಮುಜುಗರ ಆಗಬಾರದಲ್ಲ, ಹಾಗಾಗಿ ದ್ರೌಪದಿ ಅರ್ಜುನನೊಬ್ಬನನ್ನೇ ಮದುವೆಯಾಗ್ತಾಳೆ. ಕೊನೆಗೆ ಪಟ್ಟ ಕಟ್ಟಿಸಿಕೊಳ್ಳೋನು ಧರ್ಮರಾಯನಲ್ಲ, ಅರ್ಜುನ. ಅವನ ಪಕ್ಕದಲ್ಲಿ ಕೂರೋಳು ಸುಭದ್ರೆ. ಸಭೆಯಲ್ಲಿ ಮುಡಿ ಹಿಡಿಸಿಕೊಂಡು ಎಳೆಸಿಕೊಂಡವಳು, ಯುದ್ಧಕ್ಕೇ ಕಾರಣವಾದವಳು, ಸಿಂಹಾಸನದ ಹತ್ತಿರ ಬರುವಾಗ ಹಿಂದೆ ಉಳಿದಳು.

ನಾನೂ ಹೀಗೇ ಮಾಡಿದೆ. ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಕತೆ ಬರೆಯುವ ಸ್ಪರ್ಧೆ ಇತ್ತು. ಅಕ್ಕನ ನೋಟ್‌ಬುಕ್ಕಿನ ಓದುಗ ನಾನೊಬ್ಬನೇ, ಅವಳಿಗೆ ಪೆನ್ಸಿಲ್ ಕೆತ್ತಿಕೊಡೋನೂ ನಾನೇ. ಸ್ವಾಮಿ ಕಾಡಿನಲ್ಲಿ ಕಳೆದುಹೋಗುವ ಅಧ್ಯಾಯ ನಕಲು ಮಾಡಿ ನನ್ನ ಹೆಸರು ಹಾಕಿದೆ. ನಕಲು ಮಾಡುವಾಗ ಅಕ್ಕನ ಪಾತ್ರ ತೆಗೆದುಹಾಕಿದೆ. ಹುಡುಗನನ್ನು ಹುಡುಗಿ ಹುಡುಕಿಕೊಂಡು ಬಂದಳು ಅಂದ್ರೆ ಗೆಳೆಯರು ನಗ್ತಾರೆ ಅಂತ. ನನ್ನ ಕತೆಯಲ್ಲಿ ಸ್ವಾಮಿ ತಾನೇ ದಾರಿ ಹುಡುಕಿಕೊಂಡು ಬಂದ. ಬಹುಮಾನ ಬಂತು, ಒಂದು ಕಂಪಾಸ್ ಬಾಕ್ಸ್. ಮನೆಯಲ್ಲಿ ಎಲ್ಲರೂ ಹೊಗಳಿದರು. ಅಪ್ಪ ನನ್ನ ಕತೆಯನ್ನು ಬಂದವರಿಗೆಲ್ಲ ಓದಿಸಿದರು. ಅಕ್ಕ ಓದಿದಳು, ಏನೂ ಅನ್ನಲಿಲ್ಲ. ಆ ವರ್ಷ ಅವಳ ಎಸ್ಸೆಸ್ಸೆಲ್ಸಿ ಮುಗಿಯಿತು. ಕಾಲೇಜಿಗೆ ದಾಂಡೇಲಿಗೆ ದಿನಾ ಕಳಿಸೋದು ಬೇಡ ಅಂತ ಮನೆಯಲ್ಲಿ ತೀರ್ಮಾನವಾಯ್ತು. ಮೂರು ವರ್ಷಕ್ಕೆ ನನಗೆ ಅದೇ ದಾರಿಗೆ ಬಸ್ ಪಾಸ್ ಮಾಡಿಸಿದರು. ನಾನು ಓದಿ ಬಿಇ ಮುಗಿಸಿದೆ. ಅವಳು ಆಮೇಲೆ ಬರೆದದ್ದು ನನಗೆ ಗೊತ್ತಿಲ್ಲ.

ಇದನ್ನು ಇಷ್ಟು ವರ್ಷ ಕಳ್ಳತನ ಅಂತ ನಾನು ಯೋಚಿಸಿಯೇ ಇರಲಿಲ್ಲ. ಅಕ್ಕ ತಾನೇ ನಾರಾಯಣರಿಂದ ಎತ್ತಿದ್ದು, ನಾನು ಅಕ್ಕನಿಂದ ಎತ್ತಿದೆ, ಏನೀಗ ಅಂತ ಒಳಗೊಳಗೇ ಸಮಾಧಾನ ಇತ್ತು. ಕೆಲಸಕ್ಕೆ ಸೇರಿದ ಮೇಲೆ ವ್ಯತ್ಯಾಸ ಗೊತ್ತಾಯ್ತು. ಓಪನ್ ಸೋರ್ಸ್‌ನಲ್ಲಿ ಯಾರದೋ ಕೋಡನ್ನು ಫೋರ್ಕ್ ಮಾಡಿ ನಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಎಂಐಟಿ ಲೈಸೆನ್ಸಿನಂಥ ಅತಿ ಸಡಿಲ ಲೈಸೆನ್ಸ್ ಕೂಡ ಒಂದು ಮಾತು ಕೇಳುತ್ತೆ: ಮೂಲ ಬರೆದವರ ಹಕ್ಕಿನ ಸೂಚನೆ ಅಳಿಸಬೇಡ. ಅಕ್ಕನ ನೋಟ್‌ಬುಕ್ಕಿನಲ್ಲಿ ಸ್ವಾಮಿ ಸ್ವಾಮಿಯೇ, ಮಾಲ್ಗುಡಿ ಮಾಲ್ಗುಡಿಯೇ. ಯಾರ ಕತೆ ಅಂತ ಅವಳು ಮುಚ್ಚಿಡಲಿಲ್ಲ. ಪಂಪನೂ ವ್ಯಾಸರ ಹೆಸರು ಮುಚ್ಚಿಡಲಿಲ್ಲ. ಮುಚ್ಚಿಟ್ಟವನು ನಾನು.

ಕಾನೂನು ಏನನ್ನುತ್ತೆ ಅಂತ ಕೇಳೋರಿಗೆ: ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತೆ. ನಾರಾಯಣ್ ತೀರಿಕೊಂಡದ್ದು 2001ರಲ್ಲಿ, ಅಂದರೆ 2061ರವರೆಗೆ. ರೂಪಾಂತರದ ಹಕ್ಕೂ ಅದರಲ್ಲಿ ಸೇರಿದೆ. ಮನೆಯಲ್ಲಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರೆ ಯಾರೂ ಬಾಗಿಲು ತಟ್ಟಲ್ಲ, ಅಚ್ಚು ಹಾಕಿಸಿ ಮಾರೋಕೆ ಹೊರಟರೆ ಮಾತು ಬೇರೆ. ಪಾತ್ರಗಳ ಹೆಸರು ಬದಲಿಸಿ ಮಾರಿದವರೂ ಇದ್ದಾರೆ. ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಮೊದಲು ‘ಟ್ವೈಲೈಟ್’ನ ಅಭಿಮಾನಿ ಕತೆಯಾಗಿತ್ತು. ವ್ಯಾಸ, ಪಂಪರ ಮೇಲೆ ಯಾರ ಹಕ್ಕೂ ಇಲ್ಲ, ಅಷ್ಟರಮಟ್ಟಿಗೆ ನಮ್ಮ ಹಳಬರು ಪುಣ್ಯವಂತರು.

ಕನ್ನಡ ಧಾರಾವಾಹಿಗಳ ಮಟ್ಟಿಗೂ ಈ ಹಂಬಲ ಹೊಸದೇನಲ್ಲ. ಟಿ.ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಕೂಡಿ 1998ರಲ್ಲಿ ಕೊಟ್ಟ ‘ಮಾಯಾಮೃಗ’ದ ಮನೆಗಳನ್ನು ಜನ ನೆಂಟರ ಮನೆಗಳ ಹಾಗೆ ನೆನಪಿಟ್ಟುಕೊಂಡರು. ಸುಮಾರು 24 ವರ್ಷದ ಮೇಲೆ, 2022ರಲ್ಲಿ, ಅವರೇ ‘ಮತ್ತೆ ಮಾಯಾಮೃಗ’ ತಂದರು. ಸೀತಾರಾಮರ ‘ಮಗಳು ಜಾನಕಿ’ ಲಾಕ್‌ಡೌನ್ ಹೊತ್ತಿಗೆ ಅರ್ಧಕ್ಕೇ ನಿಂತಾಗ ನಮ್ಮವ್ವ ಒಂದು ತಿಂಗಳು ನನಗೆ ಫೋನಿನಲ್ಲಿ ಜಾನಕಿಯ ಮುಂದಿನ ಕತೆ ಹೇಳಿದ್ದಾಳೆ. ಬರೆದಿದ್ದರೆ ಅದೂ ಒಂದು ನೋಟ್‌ಬುಕ್ ಆಗ್ತಿತ್ತು. ಬರೆಯದೆ ಹೇಳಿದ್ದೆಲ್ಲ ಎಷ್ಟು ಹೋಯಿತೋ.

ಅಟ್ಟದಿಂದ ಇಳಿದು ಅಕ್ಕನಿಗೆ ಫೋನ್ ಮಾಡಿದೆ. ಅವಳೀಗ ಹಳಿಯಾಳದಲ್ಲಿದ್ದಾಳೆ, ಮಗಳು ಪಿಯುಸಿ. ನೋಟ್‌ಬುಕ್ ಸಿಕ್ಕಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಾನು ಸ್ಪರ್ಧೆಯ ವಿಷಯ ತೆಗೆದೆ, ತಪ್ಪಾಯ್ತು ಅಂದೆ.

“ಕತಿ ತಗೊಂಡಿದ್ದಕ್ಕ ನನಗೇನೂ ಅನಿಸಿರಲಿಲ್ಲ ತಮ್ಮಾ,” ಅಂದಳು. “ಅಕ್ಕನ್ನ ಯಾಕ ತಗದಿ?”

ಇಷ್ಟು ವರ್ಷದ ಮೇಲೂ ಅವಳಿಗೆ ನೆನಪಿದ್ದದ್ದು ಅದೇ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಆ ನೋಟ್‌ಬುಕ್ಕನ್ನು ನಾನು ಟೈಪ್ ಮಾಡ್ತಾ ಇದ್ದೀನಿ, ಅವಳ ಹೆಸರಿನಲ್ಲಿ, ಮನೆಮಂದಿಗೆ ಮಾತ್ರ. ಅವಳ ಕಾಗುಣಿತದ ತಪ್ಪುಗಳನ್ನೂ ತಿದ್ದಿಲ್ಲ. ಕೊನೆಯ ಕತೆ ಅರ್ಧಕ್ಕೇ ನಿಂತಿದೆ: ರಾಜಂ ಗೂಡ್ಸ್ ಗಾಡಿಯಿಂದ ಇಳಿದಿದ್ದಾನೆ, ಸ್ವಾಮಿ ಮುಂದೆ ಹೋಗೋಕೆ ಹೆದರಿ ನಿಂತಿದ್ದಾನೆ, ಅಕ್ಕ ಅವನ ಬೆನ್ನಿಗೆ ಕೈ ಹಾಕಿದ್ದಾಳೆ. ಮುಂದಿನ ಪುಟ ಖಾಲಿ. ಮುಂದೇನು ಅಂತ ಕೇಳಿದ್ದಕ್ಕೆ ಅಡುಗೆ ಮಾಡ್ತಾ ಮಾಡ್ತಾ ವಾಟ್ಸ್ಆ್ಯಪ್‌ನಲ್ಲಿ ಧ್ವನಿ ಸಂದೇಶ ಕಳಿಸ್ತಾಳೆ, ಒಗ್ಗರಣೆಯ ಸದ್ದಿನ ನಡುವೆ ಕತೆ ಕೇಳಿಸುತ್ತೆ. ಮೊನ್ನೆ ಒಂದು ಜಗಳವೂ ಆಯ್ತು. 2019ರಲ್ಲಿ ಅಳ್ನಾವರ ಲೈನಿಗೆ ಪ್ಯಾಸೆಂಜರ್ ಬಂತಲ್ಲ, ರಾಜಂನನ್ನು ಅದರಲ್ಲೇ ಕೂರಿಸು, ಪಾಪ ಗಾರ್ಡಿನ ಡಬ್ಬಿಯಲ್ಲಿ ಯಾಕೆ ಅಂತ ಅವಳು. ಬೇಡ, ಮೊದಲು ಬರೆದದ್ದೇ ಇರಲಿ ಅಂತ ನಾನು.

“ಕತಿ ಯಾರದಲೇ?” ಅಂದಳು.

ರಾಜಂ ಈಗ ಪ್ಯಾಸೆಂಜರ್ ಗಾಡಿಯಲ್ಲಿ ಬರ್ತಾನೆ.